ಪ್ರಮಾಣವಚನದಲ್ಲಿ ಇಲ್ಲದ ಮಾತು

ಕಾಸರಗೋಡಿನ ಮಂಗಲ್ಪಾಡಿಯಲ್ಲಿ ಹೊರದೇಶದ ನಂಟಿಲ್ಲದ ಮನೆ ಹುಡುಕುವುದು ಕಷ್ಟ. ಉಪ್ಪಳ, ಬಂದ್ಯೋಡು, ನಯಾಬಜಾರುಗಳ ಆಚೀಚೆ ಒಂದು ಮನೆಯ ಮಗ ದುಬೈಯಲ್ಲಿದ್ದರೆ ಪಕ್ಕದ ಮನೆಯ ಮಗಳು ಟೊರಾಂಟೊದಲ್ಲಿರುತ್ತಾಳೆ. ಅಲ್ಲಿನ ಕೆಲಸ, ಸಂಬಳ, ಸೆಕೆ, ಚಳಿ ಎಲ್ಲವೂ ಇಲ್ಲಿ ದಿನದ ಮಾತು. ಆದರೆ ಯಾರಾದರೂ ಅಲ್ಲಿಯ ಪೌರತ್ವವನ್ನೇ ತೆಗೆದುಕೊಂಡರು ಎಂಬ ಸುದ್ದಿ ಬಂದರೆ ಮಾತಿನ ಧಾಟಿ ಬದಲಾಗುತ್ತದೆ. "ಇನ್ನು ಅವ ನಮ್ಮವ ಅಲ್ಲ ಬಿಡಿ" ಎಂದು ಒಬ್ಬರು ಹೇಳುತ್ತಾರೆ. "ಅದು ಬರೀ ಕಾಗದ ಮಾರಾಯ್ರೆ, ಮನಸ್ಸು ಇಲ್ಲಿಯೇ ಉಂಟು" ಎಂದು ಇನ್ನೊಬ್ಬರು ಸಮಾಧಾನ ಮಾಡುತ್ತಾರೆ. ಮೇಲ್ನೋಟಕ್ಕೆ ಇವು ಒಂದಕ್ಕೊಂದು ಎದುರಾದ ಅಭಿಪ್ರಾಯಗಳು. ಆದರೆ ಎರಡರ ಬುಡದಲ್ಲಿಯೂ ಒಂದೇ ತಪ್ಪು ತಿಳಿವಳಿಕೆಯಿದೆ ಎಂಬುದು ನನ್ನ ವಾದ. ಪೌರತ್ವ ಎಂದರೆ ಮನಸ್ಸು ಎಲ್ಲಿದೆ ಎಂಬುದರ ದಾಖಲೆ ಎಂದು ಇಬ್ಬರೂ ನಂಬಿದ್ದಾರೆ. ಮೊದಲನೆಯವರು ದಾಖಲೆ ಬದಲಾದದ್ದರಿಂದ ಮನಸ್ಸೂ ಬದಲಾಯಿತು ಎನ್ನುತ್ತಾರೆ. ಎರಡನೆಯವರು ಮನಸ್ಸು ಬದಲಾಗದ್ದರಿಂದ ದಾಖಲೆಗೆ ಬೆಲೆಯಿಲ್ಲ ಎನ್ನುತ್ತಾರೆ. ಪೌರತ್ವ ನಿಜವಾಗಿ ಏನು ಎಂದು ಇಬ್ಬರೂ ಕೇಳಿಕೊಂಡಿಲ್ಲ.

ಮೊದಲ ಅಭಿಪ್ರಾಯವನ್ನು ಅದಕ್ಕೆ ಸಲ್ಲಬೇಕಾದ ಗೌರವದಿಂದಲೇ ನೋಡೋಣ. ಅದು ಹೊಟ್ಟೆಕಿಚ್ಚಿನ ಮಾತಲ್ಲ, ನೋವಿನ ಮಾತು. ಸರ್ಕಾರಿ ಶಾಲೆ ಕಲಿಸಿತು, ಜನರ ತೆರಿಗೆಯಿಂದ ನಡೆಯುವ ಕಾಲೇಜು ಇಂಜಿನಿಯರನ್ನೋ ವೈದ್ಯನನ್ನೋ ಮಾಡಿತು, ಊರು ಹರಸಿ ಕಳಿಸಿತು. ಹೀಗೆ ಬೆಳೆದವನು ಇನ್ನೊಂದು ದೇಶದ ಅಧಿಕಾರಿಯ ಮುಂದೆ ಬಲಗೈ ಎತ್ತಿ ಪ್ರಮಾಣ ಮಾಡುವುದನ್ನು ಕಂಡಾಗ ಬಿಟ್ಟುಹೋದ ಎಂದು ಅನಿಸುವುದು ಸಹಜ. ಭಾರತದ ಕಾನೂನು ಕೂಡ ಈ ಅನಿಸಿಕೆಗೆ ಬಲ ಕೊಡುತ್ತದೆ. ತನ್ನಿಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವನು ಆ ಕ್ಷಣಕ್ಕೆ ಭಾರತದ ಪೌರನಲ್ಲ ಎಂದು 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತದೆ. ಎರಡು ದೋಣಿಯಲ್ಲಿ ಕಾಲಿಡಲು ನಮ್ಮಲ್ಲಿ ಅವಕಾಶವಿಲ್ಲ. ಅಮೆರಿಕದ ಪ್ರಮಾಣವಚನವಂತೂ ಬೇರೆ ಯಾವುದೇ ರಾಷ್ಟ್ರಕ್ಕೆ ಇದ್ದ ನಿಷ್ಠೆಯನ್ನು ಪೂರ್ತಿಯಾಗಿ ತೊರೆಯುತ್ತೇನೆಂದು ಹೇಳಿಸುತ್ತದೆ. ಭಾರತದ ಪೌರತ್ವ ಬಿಟ್ಟವರು 2022ರ ಒಂದೇ ವರ್ಷದಲ್ಲಿ 2,25,620 ಮಂದಿ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಇಷ್ಟು ಜನ ಬಿಟ್ಟುಹೋಗುವಾಗ ಅದನ್ನು ನಷ್ಟ ಎನ್ನದೆ ಏನೆನ್ನಬೇಕು ಎಂದು ಕೇಳುವವರ ಪ್ರಶ್ನೆ ಹಗುರವಾದದ್ದಲ್ಲ. ನಷ್ಟ ಇದೆ ಎಂದು ನಾನೂ ಒಪ್ಪುತ್ತೇನೆ. ಏನು ನಷ್ಟವಾಯಿತು ಎಂಬಲ್ಲಿ ಮಾತ್ರ ನನ್ನ ತಕರಾರು.

ತಕರಾರನ್ನು ಬಿಡಿಸಲು ನಾವು ಒಂದೇ ಮುಡಿಯಲ್ಲಿ ಕಟ್ಟಿಟ್ಟಿರುವ ಮೂರು ಸಂಗತಿಗಳನ್ನು ಬೇರೆಬೇರೆ ಇಟ್ಟು ನೋಡಬೇಕು.

1. ವಾಸ. ಮನುಷ್ಯ ಎಲ್ಲಿ ದುಡಿಯುತ್ತಾನೆ, ಎಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುತ್ತಾನೆ, ಯಾವ ಊರಿನ ನೀರು ಕುಡಿಯುತ್ತಾನೆ ಎಂಬುದು.

2. ನಂಟು. ಯಾವ ಭಾಷೆಯಲ್ಲಿ ಕನಸು ಕಾಣುತ್ತಾನೆ, ಯಾರ ಸಾವಿಗೆ ಅಳುತ್ತಾನೆ, ಯಾವ ದೈವದ ಕೋಲಕ್ಕೆ, ಯಾವ ಉರೂಸಿಗೆ, ಯಾವ ಜಾತ್ರೆಗೆ ರಜೆ ಹಾಕಿ ಬರುತ್ತಾನೆ ಎಂಬುದು.

3. ಪೌರತ್ವ. ಯಾವ ರಾಜ್ಯವ್ಯವಸ್ಥೆಯ ತೀರ್ಮಾನಗಳಲ್ಲಿ ಅವನಿಗೆ ಪಾಲಿದೆ, ಯಾವುದರ ಹೊಣೆ ಅವನ ತಲೆಯ ಮೇಲಿದೆ ಎಂಬುದು.

ಬಹಳ ಕಡೆ ಈ ಮೂರೂ ಒಬ್ಬನಲ್ಲಿ ಒಟ್ಟಿಗೇ ಇರುವುದರಿಂದ ಇವು ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ದೇಶದ ನಡುವಿನ ಊರಿನವನಿಗೆ ಆ ಭ್ರಮೆ ಬಿಡುವ ಸಂದರ್ಭವೇ ಬರಲಿಕ್ಕಿಲ್ಲ. ಗಡಿನಾಡಿನವರಾದ ನಮಗೆ ಆ ಭ್ರಮೆ ಇರಬಾರದು. ಮೂರೂ ಬೇರೆ ಎಂಬುದಕ್ಕೆ ಸಾಕ್ಷಿ ನಮ್ಮ ಅಂಗಳದಲ್ಲಿಯೇ ಇದೆ.

ಮೊದಲ ಸಾಕ್ಷಿ 1956ರ ನವೆಂಬರ್ 1. ಅದರ ಹಿಂದಿನ ರಾತ್ರಿ ಮಂಗಲ್ಪಾಡಿಯ ಜನ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮಲಗಿ ಬೆಳಿಗ್ಗೆ ಕೇರಳದಲ್ಲಿ ಎದ್ದರು. ಯಾರೂ ಕೈ ಎತ್ತಿ ಪ್ರಮಾಣ ಮಾಡಲಿಲ್ಲ, ಯಾರಿಂದಲೂ ಸಹಿ ಪಡೆಯಲಿಲ್ಲ. ಪೌರತ್ವದಲ್ಲಿ ಒಂದು ಕೂದಲಿನಷ್ಟೂ ವ್ಯತ್ಯಾಸವಾಗಲಿಲ್ಲ. ರಾಜ್ಯಗಳು ಹಲವಿದ್ದರೂ ಪೌರತ್ವ ಒಂದೇ ಎಂದು ಅಂಬೇಡ್ಕರ್ 1948ರ ನವೆಂಬರಿನಲ್ಲಿಯೇ ಸಂವಿಧಾನ ಸಭೆಗೆ ವಿವರಿಸಿದ್ದರು. ಹಾಗಿದ್ದರೂ ಬದುಕು ಬದಲಾಯಿತು. ಕಡತದ ಭಾಷೆ, ನೌಕರಿ ಪರೀಕ್ಷೆಯ ಭಾಷೆ, ಅರ್ಜಿಯ ಭಾಷೆ ನಿಧಾನವಾಗಿ ಕೈತಪ್ಪಿದವು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕನ್ನಡ ನಾಡಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಮಂಗಲ್ಪಾಡಿ ಆ ಉತ್ತರ ಭಾಗದಲ್ಲಿಯೇ ಇದೆ. ವರದಿ ಜಾರಿಗೆ ಬರಲಿಲ್ಲ. ಆಡಳಿತದ ಗೆರೆ ಬದಲಾದರೆ ನಂಟೂ ಬದಲಾಗುತ್ತದೆ ಎಂಬುದು ನಿಜವಾಗಿದ್ದರೆ ಇಲ್ಲಿ ಕನ್ನಡ ಎಂದೋ ಆರಿಹೋಗಬೇಕಿತ್ತು. ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ನೂರರ ವಯಸ್ಸಿನಲ್ಲಿ ತೀರಿಕೊಂಡಾಗ ಅವರು ಕೇರಳದ ನಿವಾಸಿ, ಭಾರತದ ಪೌರ, ಕನ್ನಡದ ಕವಿ. ಈ ಮೂರರಲ್ಲಿ ಒಂದು ಇನ್ನೊಂದನ್ನು ಸುಳ್ಳು ಮಾಡಲಿಲ್ಲ. ರಾಜ್ಯದ ಗಡಿಯನ್ನು ದೇಶದ ಗಡಿಗೆ ಹೋಲಿಸಬಾರದು ಎಂದು ಯಾರಾದರೂ ಹೇಳಬಹುದು, ಸರಿಯೇ. ನಾನು ಈ ಉದಾಹರಣೆಯಿಂದ ಸಾಧಿಸಬೇಕೆಂದಿರುವುದು ಇಷ್ಟೇ: ಆಡಳಿತಕ್ಕೆ ಸೇರುವುದು ಮತ್ತು ಮನಸ್ಸಿನಿಂದ ಸೇರುವುದು ಬೇರೆಬೇರೆ ಎಂಬುದನ್ನು ಒಪ್ಪದವನಿಗೆ ಕಾಸರಗೋಡಿನ ಕನ್ನಡಿಗ ಅರ್ಥವಾಗುವುದೇ ಇಲ್ಲ.

ಎರಡನೆಯ ಸಾಕ್ಷಿ ಗಲ್ಫ್. ಇಪ್ಪತ್ತರ ಹರೆಯದಲ್ಲಿ ಶಾರ್ಜಾಕ್ಕೋ ಅಬುಧಾಬಿಗೋ ಹೋಗಿ ಅರವತ್ತಕ್ಕೆ ಹಿಂದಿರುಗಿದವರು ನಮ್ಮ ಪಂಚಾಯತಿನಲ್ಲಿದ್ದಾರೆ. ಅಲ್ಲಿಯ ಓಣಿ ಓಣಿ ಗೊತ್ತು, ಅರಬಿ ಮಾತು ನಾಲಗೆಯ ಮೇಲಿದೆ, ಮಕ್ಕಳು ಹುಟ್ಟಿದ್ದು ಅಲ್ಲಿ. ಯುಎಇಯ 1972ರ ಪೌರತ್ವ ಕಾನೂನು ಅರಬನಲ್ಲದವನಿಗೆ ಕೇಳುವುದು 30 ವರ್ಷಗಳ ವಾಸ. ಅದನ್ನು ಪೂರೈಸಿದರೂ ಅದು ಹಕ್ಕಲ್ಲ, ಆಳುವವರ ಅನುಗ್ರಹ. 2021ರ ತಿದ್ದುಪಡಿಯ ನಂತರ ಹೂಡಿಕೆದಾರರು, ವಿಜ್ಞಾನಿಗಳು, ವೈದ್ಯರಂಥ ಆಯ್ದ ಕೆಲವರಿಗೆ ಬಾಗಿಲು ಸ್ವಲ್ಪ ತೆರೆದಿದೆ. ಅಂಗಡಿಯ ಲೆಕ್ಕ ಬರೆಯುವವನಿಗೆ, ಗಾಡಿ ಓಡಿಸುವವನಿಗೆ ಅದು ಮುಚ್ಚಿಯೇ ಇದೆ. ಕೆಲಸ ಮುಗಿದರೆ ವೀಸಾ ಮುಗಿಯಿತು, ವೀಸಾ ಮುಗಿದರೆ ಊರು. ಇಲ್ಲಿ ವಾಸ ಪೂರ್ತಿಯಾಗಿದೆ, ನಂಟು ಆಳವಾಗಿದೆ, ಪೌರತ್ವ ಸೊನ್ನೆ. ಇದರಿಂದ ಒಂದು ಮುಖ್ಯ ಮಾತು ಹೊರಡುತ್ತದೆ. "ಗಲ್ಫಿಗೆ ಹೋದವರು ನಮ್ಮವರಾಗಿಯೇ ಉಳಿದರು, ಅಮೆರಿಕಕ್ಕೆ ಹೋದವರು ಬಿಟ್ಟುಹೋದರು" ಎಂಬ ಹೋಲಿಕೆಯನ್ನು ನಾವು ಸಲೀಸಾಗಿ ಮಾಡುತ್ತೇವೆ. ಇದು ನ್ಯಾಯವಾದ ಹೋಲಿಕೆಯಲ್ಲ. ಆಯ್ಕೆ ಇದ್ದಲ್ಲಿ ಮಾತ್ರ ನಿಷ್ಠೆಯನ್ನು ಅಳೆಯಬಹುದು. ಬಾಗಿಲೇ ಇಲ್ಲದ ಮನೆಯ ಹೊರಗೆ ನಿಂತವನನ್ನು ನೋಡಿ, ಒಳಗೆ ಹೋಗದೆ ಉಳಿದ ತ್ಯಾಗಿ ಎಂದು ಹೊಗಳುವುದು ಅವನ ಕಷ್ಟಕ್ಕೂ ಮರ್ಯಾದೆ ಕೊಟ್ಟಂತಲ್ಲ.

ಮೂರನೆಯ ಸಾಕ್ಷಿ ಹೆಚ್ಚು ನೋವಿನದು. 1947ಕ್ಕೆ ಮೊದಲು ಮಲಬಾರಿನಿಂದ ಅನೇಕರು ಕರಾಚಿಗೆ ಹೋಟೆಲು, ಬೀಡಿಯ ಕೆಲಸಕ್ಕೆ ಹೋಗಿದ್ದರು. ಹೊರಟಾಗ ಅದು ಬೊಂಬಾಯಿಯ ಹಾಗೆ ದೂರದ ಒಂದು ಪೇಟೆ ಮಾತ್ರ. ದೇಶ ಎರಡಾಯಿತು, 1952ರಲ್ಲಿ ನಡುವೆ ಪಾಸ್‌ಪೋರ್ಟ್ ಪದ್ಧತಿ ಬಂತು. ಹೆಂಡತಿ ಮಕ್ಕಳಿದ್ದ ಊರಿಗೆ ಮರಳಲು ಕೆಲವರಿಗೆ ಸಿಕ್ಕಿದ್ದು ಪಾಕಿಸ್ತಾನದ ಪಾಸ್‌ಪೋರ್ಟ್ ಮಾತ್ರ. ಅದನ್ನು ಹಿಡಿದು ಬಂದವರು ಹುಟ್ಟಿದ ಮನೆಯಲ್ಲಿಯೇ ವಿದೇಶಿಯರಾದರು. ತಮ್ಮದೇ ಅಂಗಳದಲ್ಲಿ ಉಳಿಯಲು ಪೊಲೀಸರ ಅನುಮತಿ ಬೇಡುತ್ತ ಮುದುಕರಾದರು. ಅವರ ವಾಸ ಇಲ್ಲಿತ್ತು, ನಂಟು ಇಲ್ಲಿತ್ತು, ಪೌರತ್ವ ಮಾತ್ರ ಇರಲಿಲ್ಲ. "ಬರೀ ಕಾಗದ" ಎನ್ನುವವರು ಅವರ ಮುಂದೆ ನಿಂತು ಆ ಮಾತು ಹೇಳಬಲ್ಲರೆ?

ಹೀಗೆ ನಂಟಿನಿಂದ ಬೇರ್ಪಡಿಸಿದ ಮೇಲೆ ಪೌರತ್ವದಲ್ಲಿ ಉಳಿಯುವುದೇನು? ಭಾರತವೇ ಹೊಸ ಪೌರರಿಂದ ಏನು ಕೇಳುತ್ತದೆ ಎಂದು ನೋಡಿದರೆ ಉತ್ತರ ಸಿಗುತ್ತದೆ. ನಮ್ಮ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಪ್ರಮಾಣವಚನವಿದೆ. ಅದರಲ್ಲಿ ಸಂವಿಧಾನಕ್ಕೆ ನಿಷ್ಠೆ, ಕಾನೂನಿನ ಪಾಲನೆ, ಪೌರನ ಕರ್ತವ್ಯ ಎಂಬ ಮೂರು ಸಂಗತಿಗಳಿವೆ. ಮಣ್ಣಿನ ಮಾತಿಲ್ಲ, ತಾಯಿಯ ಮಾತಿಲ್ಲ, ಹಿಂದಿನದನ್ನು ಮರೆಯಬೇಕೆಂಬ ಮಾತಿಲ್ಲ. ಮೂರನೇ ಅನುಸೂಚಿ ಸಾಮಾನ್ಯವಾಗಿ ಒಟ್ಟು 12 ವರ್ಷಗಳ ವಾಸವನ್ನು, ಒಳ್ಳೆಯ ನಡತೆಯನ್ನು ಕೇಳುತ್ತದೆ. ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಒಂದು ಭಾಷೆ ಸಾಕಷ್ಟು ಬರಬೇಕೆಂದೂ ಕೇಳುತ್ತದೆ. ಆ ಪಟ್ಟಿಯಲ್ಲಿ 22 ಭಾಷೆಗಳಿವೆ. ತುಳು ಇಲ್ಲ, ಬ್ಯಾರಿ ಇಲ್ಲ. ಮಂಗಲ್ಪಾಡಿಯಲ್ಲಿ ಹುಟ್ಟಿ, ತುಳು ಬಿಟ್ಟು ಬೇರೇನೂ ಆಡದ ಅಜ್ಜಿ ಈ ಪರೀಕ್ಷೆಗೆ ಕೂತರೆ ಪಾಸಾಗುವುದಿಲ್ಲ. ಕನ್ನಡ ಕಲಿತ ಜರ್ಮನ್ ವಿದ್ವಾಂಸನಿಗೆ ಭಾಷೆಯ ತೊಡಕೇ ಇಲ್ಲ. ಈ ಪರೀಕ್ಷೆ ನೆಲದ ಮೇಲಿನ ಪ್ರೀತಿಯನ್ನು ಅಳೆಯುತ್ತದೆ ಎಂದುಕೊಂಡರೆ ಇದು ಅಸಂಬದ್ಧ. ಒಟ್ಟಿಗೆ ಕೂತು ತೀರ್ಮಾನ ಮಾಡಬೇಕಾದವರಿಗೆ ಆ ತೀರ್ಮಾನ ನಡೆಯುವ ಭಾಷೆಯೊಂದು ಬರುತ್ತದೆಯೇ ಎಂದು ನೋಡುತ್ತದೆ ಎಂದುಕೊಂಡರೆ ಇದಕ್ಕೆ ಅರ್ಥವಿದೆ. ಅಜ್ಜಿಯನ್ನು ಯಾರೂ ಪರೀಕ್ಷಿಸುವುದಿಲ್ಲ, ಆಕೆ ಹುಟ್ಟಿನಿಂದ ಪೌರಳು. ಪೌರತ್ವ ಎಂದರೆ ತಾನು ಪಾಲಿಸಬೇಕಾದ ಕಟ್ಟಳೆಯನ್ನು ಮಾಡುವಲ್ಲಿ ತನಗೊಂದು ಮಣೆ ಇರುವುದು, ಆ ಕಟ್ಟಳೆಯ ಫಲಕ್ಕೆ ತಾನೂ ಹೊಣೆಯಾಗುವುದು. ಹೊಸ ದೇಶದಲ್ಲಿ ಪ್ರಮಾಣ ಮಾಡುವವನು ಕೇಳುವುದು ಆ ಮಣೆಯನ್ನು, ಒಪ್ಪಿಕೊಳ್ಳುವುದು ಆ ಹೊಣೆಯನ್ನು.

ಮಣೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಭಾರತೀಯರ ಹಳೆಯ ಚರಿತ್ರೆ ಸಾಕು. ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು 1923ರಲ್ಲಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರರಾಗಲಾರರು ಎಂದು ತೀರ್ಪಿತ್ತಿತು. ಅದಾಗಲೇ ಪೌರತ್ವ ಪಡೆದವರಿಂದಲೂ ಅದನ್ನು ಕಿತ್ತುಕೊಳ್ಳಲಾಯಿತು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ವ್ಯಾಪಾರ ಮಾಡುತ್ತಿದ್ದ ವೈಷ್ಣೋ ದಾಸ್ ಬಗಾಯ್ ಅವರಲ್ಲೊಬ್ಬರು. ಆಸ್ತಿಯ ಹಕ್ಕು ಹೋಯಿತು, ಊರಿಗೆ ಹೋಗಿಬರಲು ಅಮೆರಿಕದ ಪಾಸ್‌ಪೋರ್ಟೂ ಸಿಗಲಿಲ್ಲ. 1928ರಲ್ಲಿ ಅವರು ಜೀವ ಕಳೆದುಕೊಂಡರು. 1946ರ ಕಾನೂನು ಭಾರತೀಯರಿಗೆ ಮತ್ತೆ ಪೌರತ್ವದ ದಾರಿ ತೆರೆಯಿತು. ಅದಕ್ಕಾಗಿ ದುಡಿದ ದಲೀಪ್ ಸಿಂಗ್ ಸೌಂಡ್ 1949ರಲ್ಲಿ ಪೌರರಾದರು, 1956ರ ನವೆಂಬರ್ 6ರಂದು ಅಲ್ಲಿಯ ಸಂಸತ್ತಿಗೆ ಆಯ್ಕೆಯಾದರು. ಕಾಸರಗೋಡು ಕೇರಳಕ್ಕೆ ಸೇರಿ ಆಗ ಐದು ದಿನವಾಗಿತ್ತು. ಬಗಾಯರಿಗೂ ಸೌಂಡರಿಗೂ ಊರಿನ ಮೇಲಿದ್ದ ಪ್ರೀತಿಯಲ್ಲಿ ವ್ಯತ್ಯಾಸವಿತ್ತು ಎಂದು ಯಾರೂ ಹೇಳಲಾರರು. ಒಬ್ಬರ ಮಣೆ ಎಳೆದುಹಾಕಿದರು, ಇನ್ನೊಬ್ಬರಿಗೆ ಮಣೆ ಹಾಕಿದರು, ಅಷ್ಟೇ ವ್ಯತ್ಯಾಸ. ಆ ವ್ಯತ್ಯಾಸ ಒಂದು ಜೀವದಷ್ಟು ದೊಡ್ಡದು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಮೂರು ಗಟ್ಟಿಯಾದವು.

1. ಹಿಂದಿನ ನಿಷ್ಠೆಯನ್ನು ತೊರೆಯುತ್ತೇನೆ ಎಂದು ಬಾಯಿಬಿಟ್ಟು ಹೇಳಿದ ಮೇಲೆ ಇನ್ನೇನು ಉಳಿಯಿತು? ಉಳಿದದ್ದು ಬಹಳ. ಅಲ್ಲಿ ತೊರೆಯುವುದು ಒಂದು ರಾಷ್ಟ್ರ ತನ್ನ ಪೌರನ ಮೇಲೆ ಚಲಾಯಿಸುವ ಅಧಿಕಾರವನ್ನು. ಅಮ್ಮನ ಭಾಷೆಯನ್ನು, ಮನೆದೈವವನ್ನು, ಊರಿನ ಋಣವನ್ನು ತೊರೆಯಲು ಯಾವ ಪ್ರಮಾಣವಚನವೂ ಹೇಳುವುದಿಲ್ಲ. ಹಾಗೆಂದು ಆ ಮಾತು ಬರೀ ಶಾಸ್ತ್ರವೂ ಅಲ್ಲ. ಕಾನೂನು ಕರೆದರೆ ಆಯುಧ ಹಿಡಿಯಲೂ ಸಿದ್ಧ ಎಂದು ಅಮೆರಿಕದ ಪ್ರಮಾಣ ಹೇಳಿಸುತ್ತದೆ. ಎರಡು ದೇಶಗಳು ಎದುರುಬದುರಾದ ದಿನ ಹೊಸ ಪೌರ ಒಂದು ಕಡೆ ನಿಲ್ಲಲೇಬೇಕು. ತುಟಿಯಲ್ಲಿ ಹೇಳಿ ಮನಸ್ಸಿನಲ್ಲಿ ಅಲ್ಲಗಳೆದವನು ತಪ್ಪು ಮಾಡುತ್ತಾನೆ ಎಂದು ನಾನು ಒಪ್ಪುತ್ತೇನೆ. ಆದರೆ ಆ ತಪ್ಪು ಹೊಸ ದೇಶಕ್ಕೆ ಮಾಡಿದ್ದು, ಹಳೆಯದಕ್ಕೆ ಅಲ್ಲ.

2. ಜನರ ದುಡ್ಡಿನಲ್ಲಿ ಓದಿದ ಋಣ ಏನಾಯಿತು? ಋಣ ನಿಜ. ಅದನ್ನು ತೀರಿಸುವ ನಾಣ್ಯ ಪೌರತ್ವವಲ್ಲ. ಭಾರತದ ಪಾಸ್‌ಪೋರ್ಟನ್ನು ಜತನದಿಂದ ಇಟ್ಟುಕೊಂಡು ತೆರಿಗೆ ತಪ್ಪಿಸುವವನು ಋಣ ತೀರಿಸಿದವನಲ್ಲ. ಪೌರತ್ವ ಬಿಟ್ಟು, ಓದಿದ ಶಾಲೆಗೆ ಕೋಣೆ ಕಟ್ಟಿಸಿಕೊಟ್ಟವನು ಋಣಗೇಡಿಯಲ್ಲ. ಎರಡು ಲೆಕ್ಕಗಳನ್ನು ಒಂದೇ ಪುಸ್ತಕದಲ್ಲಿ ಬರೆದರೆ ಎರಡೂ ತಪ್ಪುತ್ತವೆ.

3. ಬಹಳ ಮಂದಿ ಹೊಣೆಗಾಗಿ ಅಲ್ಲ, ಅನುಕೂಲಕ್ಕಾಗಿ ಪೌರತ್ವ ತೆಗೆದುಕೊಳ್ಳುತ್ತಾರಲ್ಲ? ಹೌದು, ವೀಸಾದ ಕಿರಿಕಿರಿ ತಪ್ಪಲಿ ಎಂಬುದೇ ಹಲವರ ಉದ್ದೇಶ. ಅನುಕೂಲಕ್ಕಾಗಿ ಮಣೆ ಹಾಕಿಸಿಕೊಂಡರೂ ಹೊಣೆ ಕಡಿಮೆಯಾಗುವುದಿಲ್ಲ. ಮತ ಹಾಕಬೇಕು, ಜ್ಯೂರಿಗೆ ಕರೆದರೆ ಹೋಗಬೇಕು. ಉದ್ದೇಶ ಸಣ್ಣದಾಗಿದ್ದರೂ ಕರ್ತವ್ಯ ದೊಡ್ಡದಾಗಿಯೇ ಇರುತ್ತದೆ. ಹುಟ್ಟಿನಿಂದ ಪೌರರಾದ ನಮಗಂತೂ ಯಾವ ಉದ್ದೇಶವೂ ಇರಲಿಲ್ಲ ಎಂಬುದನ್ನು ಮರೆಯಬಾರದು.

ಮಣೆಯೂ ನಂಟೂ ಒಟ್ಟಿಗೆ ಇರಬಲ್ಲವು ಎಂಬುದು ಊಹೆಯಲ್ಲ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿ ಹುಟ್ಟಿದ ಚಂದ್ರ ಆರ್ಯ ಕೆನಡಾದ ಸಂಸದರಾಗಿ 2022ರ ಮೇ ತಿಂಗಳಲ್ಲಿ ಅಲ್ಲಿಯ ಕೆಳಮನೆಯಲ್ಲಿ ಎದ್ದುನಿಂತು ಕನ್ನಡದಲ್ಲಿ ಮಾತಾಡಿದರು. ಆ ಮಾತು ಆಡಲು ಅವರಿಗೆ ಅಲ್ಲಿ ಜಾಗ ಸಿಕ್ಕಿದ್ದು ಅವರು ಕೆನಡಾದ ಪೌರರಾದದ್ದರಿಂದ. "ಇನ್ನು ನಮ್ಮವ ಅಲ್ಲ" ಎನ್ನುವವರ ತರ್ಕದ ಪ್ರಕಾರ ಕನ್ನಡ ಕಳೆದುಕೊಳ್ಳಬೇಕಾಗಿದ್ದ ಘಟನೆಯೇ ಕನ್ನಡವನ್ನು ಆ ಸದನದೊಳಕ್ಕೆ ಕರೆದೊಯ್ದಿತು.

ಹಾಗಾದರೆ ನಿಜವಾದ ನಷ್ಟ ಯಾವುದು? ನನಗೆ ಹತ್ತಿರದ ಒಂದು ಮನೆಯ ಕಪಾಟಿನಲ್ಲಿ ರೇಷನ್ ಕಾರ್ಡು, ಭೂಮಿಯ ಪಟ್ಟೆಗಳ ಜೊತೆ ಒಂದು ಹಳೆಯ ಪಾಸ್‌ಪೋರ್ಟ್ ಇದೆ. ರಟ್ಟಿನ ಮೂಲೆ ಕತ್ತರಿಸಿದೆ, ಒಳಗೆ ರದ್ದಾಯಿತೆಂಬ ಮುದ್ರೆಯಿದೆ. ಪಕ್ಕದಲ್ಲಿ ಮಗಳ ಒಸಿಐ ಕಾರ್ಡಿನ ಪ್ರತಿ. ಸಾಗರೋತ್ತರ ಪೌರತ್ವ ಎಂಬ ಅದರ ಹೆಸರೇ ಗೊಂದಲಕ್ಕೆ ಕಾರಣ, ಏಕೆಂದರೆ ಅದು ಪೌರತ್ವ ಅಲ್ಲ. ಆ ಕಾರ್ಡಿನಿಂದ ಅವಳು ಜೀವನಪೂರ್ತಿ ವೀಸಾ ಇಲ್ಲದೆ ಬಂದು ಹೋಗಬಹುದು, ತಂದೆಯ ತೋಟಕ್ಕೆ ವಾರಸುದಾರಳೂ ಆಗಬಹುದು. ಹೊಸದಾಗಿ ಕೃಷಿಭೂಮಿ ಕೊಳ್ಳುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಮತ ಹಾಕುವಂತಿಲ್ಲ. ಅವಳು ಮನೆಗೆ ಬಂದಾಗ ಅಮ್ಮನ ಜೊತೆ ಆಡುವ ಮಾತು ಹಾಗೆಯೇ ಇದೆ. ಕಳೆದುಹೋದದ್ದು ಅವಳು ಕಲಿತ ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಲ್ಲ ಮಾಸ್ತರು ಬರಬೇಕೆಂದು ಪೌರಳಾಗಿ ಒತ್ತಾಯಿಸುವ ಹಕ್ಕು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಆ ವಿಧಿಗೆ ಜೀವ ತುಂಬಬೇಕಾದ ಮತಗಳಲ್ಲಿ ಒಂದು ಕಡಿಮೆಯಾಯಿತು. ಗಡಿನಾಡಿನ ಅಲ್ಪಸಂಖ್ಯಾತರಿಗೆ ಒಂದು ಮತವೂ ಸಣ್ಣದಲ್ಲ. ದುಃಖಪಡುವುದಿದ್ದರೆ ಇದಕ್ಕೆ ದುಃಖಪಡೋಣ. ಅವಳ ಮನಸ್ಸಿನ ಮೇಲೆ ಅನುಮಾನಪಟ್ಟರೆ ಹೋದ ಮತ ಬರುವುದಿಲ್ಲ, ಇದ್ದ ನಂಟೂ ಸವೆಯುತ್ತದೆ.

ಈ ಲೆಕ್ಕ ನಮ್ಮನ್ನೂ ಬಿಡುವುದಿಲ್ಲ. ಗಲ್ಫಿನಲ್ಲಿರುವ ನಮ್ಮವರ ಹೆಸರು ಮತದಾರರ ಪಟ್ಟಿಯಲ್ಲಿರಲು 2010ರ ತಿದ್ದುಪಡಿ ಅವಕಾಶ ಕೊಟ್ಟಿತು. ಆದರೆ ಮತ ಹಾಕಲು ಅವರು ಖುದ್ದಾಗಿ ಊರಿನ ಮತಗಟ್ಟೆಗೇ ಬರಬೇಕು. ಅದಕ್ಕಾಗಿ ವಿಮಾನದ ಟಿಕೆಟು ಕೊಂಡು ಬರುವವರಿದ್ದಾರೆ. ಊರಲ್ಲೇ ಇರುವ ನಮಗೆ ಮತಗಟ್ಟೆ ನಡೆದು ಹೋಗುವ ದೂರದಲ್ಲಿದೆ. ಕೇರಳದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ವಾರ್ಡಿನ ಗ್ರಾಮಸಭೆ ಸೇರಬೇಕು. ಅಲ್ಲಿ ಅರ್ಜಿ ನಮೂನೆ ಕನ್ನಡದಲ್ಲಿ ಬೇಕೆಂದು ಕೇಳಬಹುದು, ಶಾಲೆಯ ಮಾಸ್ತರರ ವಿಷಯ ಎತ್ತಬಹುದು, ನಿರ್ಣಯ ಬರೆಸಬಹುದು. ಮಲಯಾಳದ ನಮೂನೆಯನ್ನು ಇನ್ನೊಬ್ಬರಿಂದ ಓದಿಸಿ ತುಂಬಿಸಿಕೊಂಡು ಮನೆಗೆ ಬಂದು ಬೇಸರಪಡುವವರು, ಆ ಸಭೆಯ ದಿನ ಎಷ್ಟು ಮಂದಿ ಹೋಗುತ್ತೇವೆ? ಟೊರಾಂಟೊದ ಮಗಳು ಪುಸ್ತಕ ಓದಿ, ಪರೀಕ್ಷೆ ಬರೆದು, ನಿಂತು ಪ್ರಮಾಣ ಮಾಡಿ ಪಡೆದದ್ದನ್ನು ನಾವು ತೊಟ್ಟಿಲಲ್ಲೇ ಪಡೆದಿದ್ದೇವೆ. ಮುಂದಿನ ರಜೆಯಲ್ಲಿ ಅವಳು ಬಂದಾಗ "ನೀನು ಇನ್ನೂ ನಮ್ಮವಳೇ?" ಎಂದು ಕೇಳುವುದು ಬೇಡ. "ಅಲ್ಲಿ ಓಟು ಹಾಕಿದಿಯಾ ಮಗಳೇ, ಯಾವ ವಿಷಯಕ್ಕೆ ಹಾಕಿದಿ?" ಎಂದು ಕೇಳೋಣ. ಅವಳು ಅದನ್ನೇ ನಮಗೆ ತಿರುಗಿ ಕೇಳಿದಾಗ, ಕಳೆದ ಗ್ರಾಮಸಭೆಯಲ್ಲಿ ನಾವು ಎದ್ದುನಿಂತು ಆಡಿದ ಮಾತೊಂದು ಹೇಳಲು ಇರಲಿ.